ಜಾಕ್ ಹಾಕದ ಅಮಾವಾಸ್ಯೆ

ಸಂಜೆ ನಾಲ್ಕೂವರೆ. ಬನಹಟ್ಟಿಯ ನೇಕಾರ ಶಿವಯೋಗೆಪ್ಪನ ಮನೆ ಕುಸಿಯುತ್ತಿಲ್ಲ ಎಂಬ ವರದಿ ಹಿಡಿದು ಮಾನಸಿ ಅವನ ಬಾಗಿಲಿಗೆ ಬಂದಳು. ಆ ಬಾಗಿಲು ತೆರೆಯಲು ಒಳಗಿನಿಂದ ಗಂಡ ಹೆಂಡತಿ ಇಬ್ಬರೂ ಎಳೆಯಬೇಕಾಯಿತು. ಹಿತ್ತಲ ಬಾಗಿಲು ಯುಗಾದಿಯಿಂದ ತೆರೆದೇ ಇರಲಿಲ್ಲ. ಚೌಕಟ್ಟು ಓರೆಯಾಗಿ ಕದವನ್ನು ಕಚ್ಚಿಕೊಂಡಿತ್ತು.

ಊರಿನ ಆ ಅಂಚಿನ ಕೆಳಗೆ, ಹೊಳೆಯ ನೀರನ್ನು ಎತ್ತರದ ಹೊಲಗಳಿಗೆ ಒಯ್ಯುವ ಸುರಂಗ ಕೊರೆಯುತ್ತಿದ್ದರು. ಮೇಲಿನ ನೆಲ ಇಳಿಯುತ್ತಿದೆಯೇ ಎಂದು ನೋಡುವುದು ಮಾನಸಿಯ ಕಂಪನಿಯ ಕೆಲಸ. ಮಹಾನಗರಗಳ ಮೆಟ್ರೊ ಮಾರ್ಗದ ಇಕ್ಕೆಲಗಳಲ್ಲೂ ಅದು ಇದನ್ನೇ ಮಾಡುತ್ತಿತ್ತು. ಹನ್ನೆರಡು ದಿನಕ್ಕೊಮ್ಮೆ ಉಪಗ್ರಹ ಹಾದುಹೋಗುತ್ತದೆ. ಅದರ ರೇಡಾರ್ ಅಲೆ ಚಾವಣಿಗೆ ಬಡಿದು ಮರಳುತ್ತದೆ. ಚಾವಣಿ ಒಂದೆರಡು ಮಿಲಿಮೀಟರ್ ಇಳಿದಿದ್ದರೂ ಗೊತ್ತಾಗುತ್ತದೆ. ಸತತ ಮೂರು ಚಿತ್ರಗಳಲ್ಲಿ ಇಳಿತ ಕಂಡರೆ, ಮನೆಯವರನ್ನೂ ಮಗ್ಗವನ್ನೂ ಸುರಂಗದ ಗುತ್ತಿಗೆದಾರ ಬೇರೆಡೆಗೆ ಸಾಗಿಸಬೇಕು. ತಾವಾಗಿ ಮನೆ ಬಿಟ್ಟವರಿಗೆ ಏನೂ ಇಲ್ಲ. ಶಿವಯೋಗೆಪ್ಪನ ಹೆಂಡತಿ ತಂಗೆವ್ವ ಮಹಾಲಿಂಗಪುರದ ಅಕ್ಕನ ಮನೆಗೆ ಹೋಗದೆ ಉಳಿದದ್ದು ಅದಕ್ಕೇ.

“ನಿಮ್ಮ ಉಪಗ್ರಹಕ್ಕ ಕಣ್ಣಿಲ್ಲೇನ್ರಿ ಅಕ್ಕಾರ?” ಎಂದಳು ತಂಗೆವ್ವ. “ಒಮ್ಮೆ ಕೆಳಗ ಬಂದು ನಮ್ಮ ಹಿತ್ತಲ ಬಾಗಲಾ ತಗದು ತೋರಸಂತ ಹೇಳ್ರಿ.”

“ಅದರ ಲೆಕ್ಕದಾಗ ನಿಮ್ಮ ಮನಿ ಇದ್ದಲ್ಲೇ ಐತ್ರಿ ಕಾಕು.”

“ನಾವೂ ಇದ್ದಲ್ಲೇ ಅದೀವಿ. ಅದ ತ್ರಾಸ ಆಗೇತಿ ನಮಗ.”

ಗುತ್ತಿಗೆದಾರನ ಮೇಲ್ವಿಚಾರಕನೂ ಬಂದು ಹೋಗಿದ್ದ. ಮಗ್ಗದ ಮೇಲೆ ರಸಮಟ್ಟ ಇಟ್ಟಾಗ ಗುಳ್ಳೆ ನಟ್ಟನಡುವೆ ನಿಂತಿತ್ತು. ಬಿರುಕುಗಳನ್ನು ತೋರಿಸಿದರೆ, ಕಪ್ಪು ಎರಿಭೂಮಿಯಲ್ಲಿ ಗೋಡೆ ಬಿರಿಯುವುದು ಹೊಸದೇನಲ್ಲ ಅಂದಿದ್ದ.

“ನಮ್ಮ ಮಗ್ಗ ಕೂದಲೆಳಿಯಷ್ಟೂ ವಾರಿ ಇಲ್ರಿ,” ಎಂದ ಶಿವಯೋಗೆಪ್ಪ. ಅವನ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿತ್ತು.

“ಹೆಂಗ ವಾರಿ ಆಗತೈತಿ? ಅಮಾಸಿ ಬಂತಂದ್ರ ಜಾಕ್ ಹಿಡಕೊಂಡು ಕುಂತಬಿಡತಾರ. ಇಷ್ಟ ವರ್ಷದಾಗ ನನ್ನ ಕಾಲ ಒಂದಿನ ಒತ್ತಿಲ್ಲ, ಆ ಕಂಬದ ಕಾಲ ಒತ್ತತಾರ,” ಎಂದಳು ತಂಗೆವ್ವ.

“ಯಾವ ಕಂಬ?” ಎಂದು ಮಾನಸಿ ಕೇಳಿದಳು.

ಪತ್ರಾಸಿನ, ಅಂದರೆ ತಗಡಿನ ಹಾಳೆಗಳ ಚಾವಣಿ ಗೋಡೆಯ ಮೇಲಿರಲಿಲ್ಲ, ನಾಲ್ಕು ಕಬ್ಬಿಣದ ಕಂಬಗಳ ಮೇಲಿತ್ತು. ಅಮಾವಾಸ್ಯೆಯ ದಿನ ಶಿವಯೋಗೆಪ್ಪ ನೇಯುವುದಿಲ್ಲ. ಅಂದು ಕಂಬಗಳನ್ನು ಜಾಕ್‌ನಿಂದ ಎತ್ತಿ, ಬುಡಕ್ಕೆ ತಗಡಿನ ತುಂಡು ಸೇರಿಸಿ, ಮಗ್ಗವನ್ನೂ ಮಟ್ಟ ಮಾಡುತ್ತಿದ್ದ.

ಮಾನಸಿ ಲ್ಯಾಪ್‌ಟಾಪ್ ತೆರೆದು ಆ ಮನೆಯ ಅಳತೆಯ ಗೆರೆಯನ್ನು ನೋಡಿದಳು. ಗೆರೆ ಗರಗಸದ ಹಲ್ಲಿನಂತಿತ್ತು: ಇಳಿದು, ಏರಿ, ಮತ್ತೆ ಇಳಿದು. ಬಿಸಿಲಿಗೆ ಪತ್ರಾಸು ಹಿಗ್ಗುವುದು ಎಂದು ಕಂಪ್ಯೂಟರ್ ಅದನ್ನು ಬದಿಗಿಟ್ಟಿತ್ತು. ಅವಳೂ ಹಾಗೆಂದೇ ಸಹಿ ಹಾಕಿದ್ದಳು.

“ಕಾಕಾ, ಮನಿ ಇಳ್ಯಾಕತ್ತೇತಿ. ನೀವು ಎತ್ತಾಕತ್ತೀರಿ.”

“ಎತ್ತಲಿಲ್ಲಂದ್ರ ಪತ್ರಾಸ ವಾಲಿ ಮಳಿನೀರ ಮಗ್ಗದ ಹಾಸಿನ ನೂಲಿನ ಮ್ಯಾಲೆ ಬೀಳತೈತ್ರಿ. ಮಗ್ಗ ವಾರಿ ಆದ್ರ ಲಾಳಿ ಹಾರತೈತಿ.”

ಅವಳು ಅಲ್ಲಿಂದಲೇ ಕಚೇರಿಗೆ ಫೋನ್ ಮಾಡಿದಳು. ಉತ್ತರ ಚಿಕ್ಕದಾಗಿತ್ತು: ಕೈಯಿಂದ ಎತ್ತಿದ ಚಾವಣಿಯ ಅಳತೆ ನಡೆಯುವುದಿಲ್ಲ. ಯಾರೂ ಮುಟ್ಟದೆ ಇದ್ದಾಗಿನ ಮೂರು ಚಿತ್ರಗಳು ಬೇಕು.

“ಅಂದ್ರ ಬೀಳೂದನ್ನ ನೋಡಕೋತ ಒಳಗ ಕುಂಡರಬೇಕು,” ಎಂದ ಶಿವಯೋಗೆಪ್ಪ.

ಮಾನಸಿ ಲ್ಯಾಪ್‌ಟಾಪ್ ಮುಚ್ಚಿದಳು. ತಂಗೆವ್ವ ಆಕಾಶ ನೋಡಿ ತಟ್ಟೆ ತಂದಳು. “ಎರಡ ರೊಟ್ಟಿ ತಿಂದ ಹೋಗ್ರಿ. ನೀವು ತೇರದಾಳದ ಮನಿ ಮುಟ್ಟೂದ್ರಾಗ ಹೊತ್ತ ಮುಳಗತೈತಿ. ಆಮ್ಯಾಲೆ ನಿಮ್ಮ ಜೈನ ಮಂದಿ ಉಣ್ಣಂಗಿಲ್ಲ.”

ಮೊದಲ ಚಿತ್ರದಲ್ಲಿ ಮೂರು ಮಿಲಿಮೀಟರ್ ಇಳಿತ ಕಂಡಿತು. ಆಮೇಲೆ ಅಮಾವಾಸ್ಯೆ ಬಂತು. ತಂಗೆವ್ವ ಹಿಂದಿನ ದಿನವೇ ಜಾಕನ್ನು ಪಕ್ಕದ ಓಣಿಯಲ್ಲಿದ್ದ ತನ್ನ ತಮ್ಮ ಕಲ್ಮೇಶನ ಮನೆಯಲ್ಲಿ ಇಟ್ಟು ಬಂದಿದ್ದಳು. ಶಿವಯೋಗೆಪ್ಪ ಮಗ್ಗ ಒರೆಸಿದ, ಊದುಬತ್ತಿ ಹಚ್ಚಿದ, ಮಧ್ಯಾಹ್ನದವರೆಗೆ ಕಂಬಕ್ಕೆ ಅಂಗೈ ಆನಿಸಿಕೊಂಡು ಕುಳಿತ. ಎರಡು ದಿನದ ನಂತರ ಲಾಳಿ ಹಾರಿ ಗೋಡೆಗೆ ಬಡಿಯಿತು. ಅವನು ಮಗ್ಗದ ಮೋಟಾರು ನಿಲ್ಲಿಸಿದ. ಅರ್ಧ ನೇಯ್ದ ಸೀರೆ ಮಗ್ಗದಲ್ಲೇ ಉಳಿಯಿತು. ಸದ್ದಿಲ್ಲದ ಮನೆಯಲ್ಲಿ ಗೋಡೆಯಿಂದ ಮಣ್ಣು ಉದುರುವುದು ಕೇಳುತ್ತಿತ್ತು.

ಎರಡನೇ ಚಿತ್ರದಲ್ಲಿ ಒಟ್ಟು ಇಳಿತ ಎಂಟು ಮಿಲಿಮೀಟರ್.

ಮುಂಬಾಗಿಲನ್ನು ಅವರು ಈಗ ಮುಚ್ಚುತ್ತಿರಲಿಲ್ಲ. ಸಂದಿಯಲ್ಲಿ ಕಲ್ಲಿಟ್ಟು ಮಲಗುತ್ತಿದ್ದರು. ಮೂರನೇ ಚಿತ್ರದ ಮುನ್ನಾದಿನ ಬೆಳಿಗ್ಗೆ ತಂಗೆವ್ವ ಜಳಕಕ್ಕೆಂದು ಕಲ್ಲು ಸರಿಸಿ ಬಾಗಿಲು ದಬ್ಬಿಕೊಂಡಳು. ಜಳಕ ಮುಗಿಯುವಷ್ಟರಲ್ಲಿ ನೆಲ ಒಮ್ಮೆ ಜಗ್ಗಿತು. ಬಾಗಿಲು ಮತ್ತೆ ತೆರೆಯಲಿಲ್ಲ.

ಕೂಗು ಕೇಳಿ ಕಲ್ಮೇಶ ಓಡಿ ಬಂದ. ಕಿಟಕಿಯ ಸರಳು ಕೀಳಲು ಹೋದರೆ ಗೋಡೆ ಅಲುಗಿತು. ಅವನು ಬೋಲ್ಟು ಬಿಚ್ಚುವ ಪಾನಾ ಹಿಡಿದು ನಿಚ್ಚಣಿಕೆ ಏರಿದ.

“ಪತ್ರಾಸ ಮುಟ್ಟಬ್ಯಾಡ್ಲೇ ಕಲ್ಮ್ಯಾ!” ಒಳಗಿನಿಂದ ಶಿವಯೋಗೆಪ್ಪ ಅರಚಿದ. “ನಾಳೆ ಒಂದ ಚಿತ್ರಾ ಉಳದೈತಿ!”

“ಮಾಮಾ, ಅದೇನ ಮದವಿ ಫೋಟೋನ? ಅಕ್ಕನ್ನ ಈ ಕಡೆ ಕಳಸು.”

“ಇನ್ನೊಂದ ದಿನಾ ತಡಿಯೋ.”

ಗೋಡೆಯ ಮೇಲಿನ ಸಾಲಿನಿಂದ ಒಂದು ಕಲ್ಲು ಜಾರಿ ಮಗ್ಗದ ಮೇಲೆ ಬಿತ್ತು. ಹಾಸಿನ ಎಳೆಗಳು ಹರಿದವು. ತಂಗೆವ್ವ ಒದ್ದೆ ಕೂದಲಲ್ಲೇ ಕಂಬ ಹಿಡಿದು ನಿಂತಿದ್ದಳು.

“ನಾ ತಡದೇನ್ರಿ,” ಎಂದಳು. “ಗ್ವಾಡಿ ತಡ್ಯಂಗಿಲ್ಲ.”

ಶಿವಯೋಗೆಪ್ಪ ಮಗ್ಗದತ್ತ ನೋಡಿದ, ಅವಳತ್ತ ನೋಡಿದ.

“ತಗಿಲೇ,” ಎಂದ.

ಕಲ್ಮೇಶ ನಾಲ್ಕು ಪತ್ರಾಸು ಬಿಚ್ಚಿದ. ಮೊದಲು ತಂಗೆವ್ವ, ಆಮೇಲೆ ಶಿವಯೋಗೆಪ್ಪ ಚಾವಣಿಯಿಂದ ಹೊರಬಂದರು.

ಮರುದಿನ ಉಪಗ್ರಹ ಹಾದುಹೋಯಿತು. ಪತ್ರಾಸು ಬಿಚ್ಚಿದ ಆ ಚಾವಣಿಯ ಅಳತೆ ಸಿಗಲಿಲ್ಲ. ಎಣಿಕೆ ಮೊದಲಿನಿಂದ ಆಗಬೇಕೆಂದು ಕಂಪನಿ ತಿಳಿಸಿತು. ಬಾಗಿಲ ಚಿತ್ರ ಸೇರಿಸಿ ಮಾನಸಿ ಬರೆದ ಆಕ್ಷೇಪಕ್ಕೆ ಉತ್ತರ ಬರಲಿಲ್ಲ. ಅವಳು ಮತ್ತೆ ಬನಹಟ್ಟಿಗೆ ಬಂದಾಗ ಕಲ್ಮೇಶ ಪತ್ರಾಸು ಹೊದಿಸುತ್ತಿದ್ದ. ಅಂದು ಅಮಾವಾಸ್ಯೆ ಇರಲಿಲ್ಲ. ಶಿವಯೋಗೆಪ್ಪ ಕಂಬದ ಬುಡಕ್ಕೆ ಜಾಕ್ ಇಟ್ಟ.