ಬನ್ನಣ್ಣನ ಕಾರಿಗೆ ಹೊಸ ಗಾಜು

ಮಾರ್ಚ್ ಹನ್ನೊಂದು, ಬುಧವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ತನ್ನ ಬೇಕರಿಯ ಹಿಂದಿನ ಅಂಗಳದಲ್ಲಿ ಬನ್ನಣ್ಣ ಕಾರು ತೊಳೆಯುತ್ತಿದ್ದ.

ಹಿಂದಿನ ಸಂಜೆ ಅವನು ತಾತನಾಗಿದ್ದ. ಆಗಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹಿಟ್ಟು ನಾದುತ್ತ, ಕೈಯೊಳಗಿನ ಮೆತ್ತನೆಯ ಉಂಡೆಯನ್ನು ಮೊಮ್ಮಗಳ ಕೆನ್ನೆಯೆಂದುಕೊಂಡು ಸವರುತ್ತ ನಿಂತುಬಿಟ್ಟಿದ್ದ. ಒಲೆಯಲ್ಲಿದ್ದ ಬನ್ನುಗಳು ಕಪ್ಪಾಗಿದ್ದವು. ಅದಕ್ಕೂ ಅವನು ನಕ್ಕಿದ್ದ.

ಶುಕ್ರವಾರ ಹನ್ನೊಂದು ಗಂಟೆಗೆ ಮಗಳನ್ನೂ ಕೂಸನ್ನೂ ಆಸ್ಪತ್ರೆಯಿಂದ ಕಳಿಸುತ್ತಾರೆ. ಕರೆತರುವವನು ಅವನೇ. ಆ ಪುಟ್ಟ ಜೀವದ ಮೊದಲ ಪ್ರಯಾಣ ಈ ಕಾರಿನಲ್ಲಿ. ಅದಕ್ಕೇ ಕಾರಿಗೆ ಈ ಸ್ನಾನ.

ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿ, ಮುಂದಿದ್ದ ಲಾರಿಯ ಚಕ್ರದಿಂದ ಹಾರಿದ ಕಲ್ಲೊಂದು ಕಾರಿನ ಮುಂದಿನ ಗಾಜಿಗೆ ಬಡಿದಿತ್ತು. ಸಾಸಿವೆ ಕಾಳಿನಷ್ಟು ಚುಕ್ಕಿ. ಅದನ್ನವನು ಮರೆತೇಬಿಟ್ಟಿದ್ದ. ಈಗ ಬಿಸಿಲಿಗೆ ಕಾದ ಗಾಜಿನ ಮೇಲೆ ಒಂದು ಬಕೆಟ್ ತಣ್ಣೀರು ಎರಚಿದ.

ಟಿಕ್ ಎಂದು ಸಣ್ಣ ಸದ್ದಾಯಿತು. ಚುಕ್ಕಿಯಿಂದ ಒಂದು ಗೆರೆ ಹೊರಟಿತು. ಅವಸರವಿಲ್ಲದ ಹೊಳೆಯಂತೆ ಬಳುಕುತ್ತ, ಚಾಲಕನ ಕಣ್ಣೆದುರಿನ ಜಾಗ ದಾಟಿ, ಗಾಜಿನ ಅಂಚು ಮುಟ್ಟಿತು. ಅದರೊಳಗೆ ಬಿಸಿಲು ಚೆದುರಿ ಏಳು ಬಣ್ಣವಾಯಿತು. ಬನ್ನಣ್ಣ ಖಾಲಿ ಬಕೆಟ್ ಹಿಡಿದು, ಕನಸು ಕಾಣುವವನಂತೆ ಆ ಬಣ್ಣಗಳನ್ನೇ ನೋಡಿದ. ಆಮೇಲೆ ಶುಕ್ರವಾರ ನೆನಪಾಯಿತು.

ಒಳಗೆ ಹೋಗಿ, ಒದ್ದೆ ಕೈಯಲ್ಲೇ ಎರಡು ಗಾಜಿನಂಗಡಿಗಳಿಗೆ ಫೋನ್ ಮಾಡಿದ. ಮೊದಲನೆಯವನು ಹೇಳಿದ ದರ ಕೇಳಿ ಹೋದ ಜೀವ ಬಂದಂತಾಯಿತು. ಒಂದು ಗಂಟೆಯ ಕೆಲಸವಂತೆ. ಎರಡನೆಯ ಅಂಗಡಿಯ ಹೆಂಗಸು ಅದರ ಒಂದೂವರೆ ಪಟ್ಟು ಹೇಳಿದಳು. ಬನ್ನಣ್ಣ "ಆಯ್ತಮ್ಮ, ನೋಡ್ತೀನಿ" ಎಂದು ಫೋನ್ ಇಟ್ಟ.

ಮೊದಲನೆಯವನಿಗೆ ಫೋನಿನಲ್ಲೇ ಮುಂಗಡ ಕಳಿಸಲು ಬೆರಳು ಎತ್ತಿದ್ದಾಗಲೇ ಕನ್ನಡಕದಕ್ಕ ಬಂದಳು. ಪಕ್ಕದ ಕನ್ನಡಕದಂಗಡಿ ಅವಳದು. ಸಂಜೆಯ ಬನ್ನು ಅವಳಿಗೆ ತಪ್ಪುವಂತಿರಲಿಲ್ಲ.

"ಏನು ತಾತಪ್ಪ, ಬನ್ನು ಕೊಡ್ತೀರೋ, ಇಲ್ಲ ಬೆಳಿಗ್ಗೆ ಥರ ಗೋಡೆ ನೋಡ್ಕೊಂಡು ನಗ್ತೀರೋ?"

"ನಗು ಎಲ್ಲಿ ಬಂತಕ್ಕ? ನಿನ್ನೆ ಕಲ್ಲು ಬಡಿದಿದ್ದ ಕಾರಿನ ಗಾಜು ಈಗ ಸೀಳ್ಕೊಂಡಿದೆ. ಆದ್ರೆ ಚಿಂತೆ ಇಲ್ಲ. ಶುಕ್ರವಾರ ಒಂಬತ್ತಕ್ಕೆ ಕಾರು ಬಿಟ್ರೆ ಹತ್ತಕ್ಕೆ ಹೊಸ ಗಾಜು, ಹನ್ನೊಂದಕ್ಕೆ ಆಸ್ಪತ್ರೆ. ಹೇಳಿ ಮಾಡಿಸಿದ ಹಾಗಿದೆ! ದರಾನೂ ಕಮ್ಮಿ."

"ಆ ದರದಲ್ಲಿ ಏನೇನು ಸೇರಿದೆ?"

"ಗಾಜು ಸೇರಿದೆ. ಇನ್ನೇನು, ಮೇಲೆ ಸಕ್ಕರೆ ಪುಡಿ ಉದುರಿಸಿ ಕೊಡ್ತಾರಾ?"

ಅಕ್ಕ ನಕ್ಕಳು. "ನನ್ನ ಅಂಗಡಿ ಮುಂದೆ ಕನ್ನಡಕಕ್ಕೆ ಇಷ್ಟು ಅಂತ ಬೋರ್ಡು ಹಾಕಿದೀನಲ್ಲ, ಅದು ಬರೀ ಫ್ರೇಮಿಗೆ. ಒಳಗಿನ ಗಾಜು ಬೇರೆ, ಅದರ ಲೇಪ ಬೇರೆ. ಕೇಳಿದವರಿಗೆ ಬಿಡಿಸಿ ಹೇಳ್ತೀನಿ. ಕೇಳದೆ ಬಂದವರು ಬಿಲ್ಲು ನೋಡಿ ಕಣ್ಣು ಕೆಂಪಗೆ ಮಾಡ್ಕೋತಾರೆ. ಹೋದ ವರ್ಷ ನಾನೂ ಕಾರಿನ ಗಾಜಿಗೆ ಕಮ್ಮಿ ದರ ನೋಡಿ ಹಾಗೇ ಮೋಸ ಹೋದೆ. ಮೊದಲ ಮಳೆಗೇ ಮಡಿಲು ತುಂಬ ನೀರು! ಬನ್ನಿ, ಕಾರು ತೋರಿಸಿ."

ಅಂಗಳದಲ್ಲಿ ಬಿಸಿಲು ಹಳದಿಯಾಗಿತ್ತು. ಅಕ್ಕ ಸೀಳಿನ ಮೇಲೆ ಕೈಯಾಡಿಸಿದಳು. "ನಿನ್ನೆ ಚುಕ್ಕಿ ಇದ್ದಾಗಲೇ ತೋರಿಸಿದ್ರೆ ರಿಪೇರಿಯಲ್ಲೇ ಮುಗೀತಿತ್ತೋ ಏನೋ. ಈಗ ಅಂಚು ಮುಟ್ಟಿದೆ, ಕಣ್ಣಿಗೂ ಅಡ್ಡ. ಬದಲಾಯಿಸ್ಲೇಬೇಕು." ಕಾರಿನೊಳಗೆ, ಕನ್ನಡಿಯ ಹಿಂದೆ ಗಾಜಿಗೆ ಅಂಟಿದ್ದ ಕಪ್ಪು ಡಬ್ಬಿಯತ್ತ ಬೊಟ್ಟು ಮಾಡಿದಳು. "ಇದೇನು ಗೊತ್ತಾ?"

"ಕ್ಯಾಮೆರಾ. ಮುಂದಿನ ಗಾಡಿಗೆ ಹತ್ತಿರ ಹೋದ್ರೆ ಕೂಗುತ್ತೆ. ನನ್ನ ಹೆಂಡತಿಗಿಂತ ಅರೆಗಳಿಗೆ ಮುಂಚೆ."

"ಗಾಜು ಬದಲಾದ್ರೆ ಇದರ ದೃಷ್ಟಿ ಮತ್ತೆ ಸರಿಮಾಡಿಸ್ಬೇಕಾಗಬಹುದು. ಕೂದಲೆಳೆಯಷ್ಟು ಓರೆಯಾದ್ರೂ ದೂರದಲ್ಲಿರೋದನ್ನ ತಪ್ಪಾಗಿ ಅಳೆಯುತ್ತೆ. ಅದು ದರದಲ್ಲಿ ಇದೆಯಾ? ಫೋನ್ ಮಾಡಿ, ಜೋರಾಗಿ ಕೇಳೋ ಹಾಗೆ ಇಡಿ."

ಮೊದಲ ಅಂಗಡಿಯವನು ಖುಷಿಯಾಗಿಯೇ ಎತ್ತಿದ. ಕ್ಯಾಮೆರಾ? "ಅದು ಬೇರೆ ಸಾರ್, ಅದಕ್ಕೆ ಬೇರೆ ಕಡೆ ಹೋಗ್ಬೇಕು." ಅಂಚಿನ ರಬ್ಬರ್? "ಹಳೇದನ್ನೇ ಹಾಕ್ತೀವಿ, ಹೊಸದು ಬೇಕಂದ್ರೆ ಬೇರೆ." ತೆರಿಗೆ? "ಬಿಲ್ಲು ಬೇಕಂದ್ರೆ ಬೇರೆ." ಯಾವ ಗಾಜು? "ಗಾಜು ಗಾಜೇ ಸಾರ್."

ಅಕ್ಕ ಫೋನಿನತ್ತ ಬಾಗಿದಳು. "ಗಾಜು ಕೂರಿಸೋ ಅಂಟು ಗಟ್ಟಿಯಾಗೋಕೆ ಎಷ್ಟು ಹೊತ್ತು ಬೇಕು?"

"ಒಂದು ಗಂಟೆಗೆ ಕಾರು ತಗೊಂಡ್ಹೋಗಿ ಮೇಡಂ. ಸ್ವಲ್ಪ ನಿಧಾನಕ್ಕೆ ಓಡಿಸಿ, ಬಾಗಿಲು ಜೋರಾಗಿ ಹಾಕ್ಬೇಡಿ, ಅಷ್ಟೇ."

"ಅಂಟು ತಯಾರಿಸಿದವರು ಎಷ್ಟು ಹೊತ್ತು ಬಿಡಿ ಅಂತ ಬರೆದಿದಾರೆ?"

"ಅದನ್ನೆಲ್ಲ ಯಾರು ನೋಡ್ತಾರೆ ಮೇಡಂ?"

ಬನ್ನಣ್ಣ ಫೋನ್ ಇಟ್ಟ. ಅವನ ಮುಖ ಬಾಡಿತ್ತು. "ಬಿಸಿ ಕೇಕು ಡಬ್ಬಿಗೆ ಹಾಕಿಕೊಡಿ, ನಿಧಾನಕ್ಕೆ ಒಯ್ತೀನಿ" ಎಂದು ಬಂದ ಎಷ್ಟು ಗಿರಾಕಿಗಳನ್ನು ಅವನು ಗದರಿಸಿ ಕೂರಿಸಿದ್ದ! ಮೇಲೆ ಕೆಂಪಗೆ ಬೆಂದಿರುತ್ತದೆ, ನಡುವೆ ಇನ್ನೂ ಕಟ್ಟಿಕೊಂಡಿರುವುದಿಲ್ಲ. ಮೊದಲ ತಿರುವಿನಲ್ಲೇ ಕುಸಿಯುತ್ತದೆ. ಬೆಂದ ಮೇಲೆ ಆರುವುದೂ ಅಡುಗೆಯ ಭಾಗವೇ ಎಂದು ಊರಿಗೆಲ್ಲ ಹೇಳಿದವನು, ತನ್ನ ಕೂಸಿನ ಕಾರನ್ನು ಅರೆಬರೆ ಒಣಗಿಸಿ ಓಡಿಸಲು ಹೊರಟಿದ್ದ.

"ಆದ್ರೂ ಅಕ್ಕ," ಎಂದ, ಸೋಲಲು ಮನಸ್ಸಿಲ್ಲದೆ, "ಗಾಜಿರೋದು ಗಾಳಿ ತಡೆಯೋಕೆ ತಾನೆ?"

"ಗಾಳಿಗೆ ಮಾತ್ರ ಅಲ್ಲ. ಕಾರು ಮಗುಚಿದ್ರೆ ಮೇಲ್ಛಾವಣಿ ಕುಸಿಯದ ಹಾಗೆ ಆಸರೆ ಕೊಡೋದ್ರಲ್ಲಿ ಈ ಗಾಜಿಗೂ ಪಾಲಿದೆ. ಗುದ್ದಿದಾಗ ಉಬ್ಬೋ ಗಾಳಿಚೀಲ ಎಷ್ಟೋ ಕಾರುಗಳಲ್ಲಿ ಇದಕ್ಕೇ ಒರಗಿ ನಿಲ್ಲುತ್ತೆ. ಅಂಟು ಹಸಿ ಇದ್ರೆ ಗಾಜೇ ಕಿತ್ಕೊಂಡು ಹೋಗುತ್ತೆ."

ಎರಡನೆಯ ಅಂಗಡಿಗೆ ಬನ್ನಣ್ಣ ತಾನೇ ಫೋನ್ ಮಾಡಿದ.

ಆ ಹೆಂಗಸು ಕಾರಿನ ಮಾದರಿ, ವರ್ಷ, ಕ್ಯಾಮೆರಾ ಇದೆಯೇ ಎಂದು ತಾನೇ ಕೇಳಿದಳು. ಒಡೆದರೂ ಚೂರು ಚೆದುರದಂತೆ ನಡುವೆ ಪದರ ಇರುವ, ಮೂಲೆಯಲ್ಲಿ ಗುಣಮಟ್ಟದ ಗುರುತಿರುವ ಗಾಜು. ಹೊಸ ರಬ್ಬರ್, ಕ್ಯಾಮೆರಾ ಹೊಂದಿಸುವುದು, ಎಲ್ಲ ದರದಲ್ಲೇ ಸೇರಿತ್ತು. ನೀರು ಸೋರಿದರೆ ಒಂದು ವರ್ಷ ಉಚಿತ ರಿಪೇರಿ. "ನಾವು ಹಾಕೋ ಅಂಟಿಗೆ ನಾಲ್ಕು ಗಂಟೆ ಬಿಡ್ಲೇಬೇಕು. ಚಳಿ ಇದ್ರೆ ಇನ್ನೂ ಹೆಚ್ಚು. ಅರ್ಜೆಂಟು ಅಂದ್ರೂ ಕೀ ಕೊಡಲ್ಲ."

"ತೆರಿಗೆ?" ಎಂದ ಬನ್ನಣ್ಣ. ಈಗ ಅವನಿಗೆ ರುಚಿ ಹತ್ತಿತ್ತು.

"ಅದು... ಮೇಲೆ ಬರುತ್ತೆ ಸಾರ್."

"ನೋಡಿದ್ರಾ, ಒಳ್ಳೆಯವರನ್ನೂ ಕೇಳ್ಲೇಬೇಕು" ಎಂದು ಅಕ್ಕ ಪಿಸುಗುಟ್ಟಿದಳು.

ಎರಡೂ ಕಡೆಯ ಎಲ್ಲವನ್ನೂ ಸೇರಿಸಿ ನೋಡಿದರೆ, ಆ ಒಂದೂವರೆ ಪಟ್ಟಿನ ಅಂತರ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿಹೋಗಿತ್ತು. ಆ ಹೆಂಗಸಿಗೆ ಎಲ್ಲವನ್ನೂ ಬರೆದು ಕಳಿಸಲು ಹೇಳಿ, ಅಕ್ಕನ ಮಾತಿನಂತೆ ವಿಮೆಯವರಿಗೂ ಫೋನ್ ಮಾಡಿದ. ಅವನ ಪಾಲಿಸಿಯಲ್ಲಿ ಗಾಜಿನ ಖರ್ಚಿನ ಒಂದು ಭಾಗ ಬರುತ್ತಿತ್ತು. ಆದರೆ ಕೆಲಸ ಶುರುವಾಗುವ ಮೊದಲೇ ತಿಳಿಸಬೇಕಿತ್ತು. ತಿಳಿಸಿದ.

ಕೆಲಸ ಎರಡನೆಯ ಅಂಗಡಿಗೇ ಎಂದು ತಿಳಿಸಿದಾಗ ಆಸ್ಪತ್ರೆಯಲ್ಲಿದ್ದ ಹೆಂಡತಿ ಫೋನಿನಲ್ಲೇ ರೇಗಿದಳು. "ಏನ್ರೀ ನೀವು, ಜಾಸ್ತಿ ಹೇಳಿದವರ ಹತ್ತಿರಾನೇ ಹೋಗ್ತೀರಾ? ತಾತ ಆದ ಖುಷಿಗೆ ತಲೆ ಕೆಟ್ಟಿದೆಯಾ?"

"ಬಿಸಿ ಕೇಕು ಡಬ್ಬಿಗೆ ಹಾಕಲ್ಲ ಕಣೇ" ಎಂದು ಎಲ್ಲವನ್ನೂ ಬಿಡಿಸಿ ಹೇಳಿದ.

ಅವಳ ಹಿಂದಿನಿಂದ ಕೂಸು ಆಕಳಿಸಿದ ಸದ್ದು ಕೇಳಿತು. "ಹಾಗಾದ್ರೆ ಶುಕ್ರವಾರ ಬೇಡ. ನಾಳೆ ಬೆಳಿಗ್ಗೆನೇ ಹಾಕಿಸಿ. ನನಗೆ ಊಟ ತರೋಕೆ ಬಸ್ಸಲ್ಲಿ ಬನ್ನಿ."

ಗುರುವಾರ ಬೆಳಿಗ್ಗೆ ಗಾಜು ಕೂತಿತು. ಸಂಜೆಯ ಹೊತ್ತಿಗೆ ಅಂಟು ಕಟ್ಟಿತು, ಕ್ಯಾಮೆರಾದ ದೃಷ್ಟಿಯೂ ಸರಿಯಾಯಿತು. ಶುಕ್ರವಾರ ಮನೆಗೆ ಬರುವ ದಾರಿಯಲ್ಲಿ ತುಂತುರು ಹನಿಯಿತು. ಹೊಸ ಗಾಜಿನ ಆಚೆ ಬೀದಿ ಕರಗಿ ಹರಿಯುತ್ತಿತ್ತು. ಗಾಡಿಗಳ ದೀಪಗಳು, ಕೊಡೆಗಳು, ಮರಗಳು ಎಲ್ಲ ನೀರಿನೊಳಗೆ ತೇಲುವಂತೆ ಕಂಡವು. ಒಳಗೆ ಒಂದು ಹನಿಯೂ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ತೂಕಡಿಸುತ್ತಿದ್ದಳು. ಪಕ್ಕದ ಪುಟ್ಟ ಆಸನದಲ್ಲಿ ಕೂಸು ಮುಷ್ಟಿ ಬಿಗಿದು, ಯಾವುದೋ ಕನಸಿಗೆ ತುಟಿ ಆಡಿಸುತ್ತಿತ್ತು. ಬನ್ನಣ್ಣ ಕನ್ನಡಿಯಲ್ಲಿ ನೋಡಿದ, ಮತ್ತೆ ರಸ್ತೆಗೆ ಕಣ್ಣು ಹಾಯಿಸಿದ. ಇಡೀ ದಾರಿಯಲ್ಲಿ ಕ್ಯಾಮೆರಾ ಒಮ್ಮೆಯೂ ಕೂಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಹೆಂಡತಿಯೂ ಕೂಗಲಿಲ್ಲ.

ಓದುವ ನಿಮಗೂ ಒಂದು ಮಾತು. ಗಾಜಿಗೆ ಕಲ್ಲು ಬಡಿದರೆ ಅಂದೇ ತೋರಿಸಿ, ಕಾದ ಗಾಜಿಗೆ ತಣ್ಣೀರು ಹಾಕಬೇಡಿ. ಬದಲಾಯಿಸಲೇಬೇಕಾದರೆ, ದರ ಕೇಳಿದ ಕೂಡಲೇ ಮುಂಗಡ ಕೊಡಬೇಡಿ. ಅದರಲ್ಲಿ ಏನು ಸೇರಿದೆ, ಏನು ಹೊರಗಿದೆ, ಸೋರಿದರೆ ಯಾರು ಹೊಣೆ ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ವಿಮೆಯವರನ್ನು ಮೊದಲೇ ವಿಚಾರಿಸಿ. ಅಂಟು ಗಟ್ಟಿಯಾಗಲು ಎಷ್ಟು ಹೊತ್ತು ಎಂದು ಕೇಳುವುದನ್ನು ಮಾತ್ರ ಮರೆಯಲೇಬೇಡಿ. ಕೇಳುವಾಗ ನಾಚಿಕೆಯಾದರೆ, ಆ ಕಾರಿನಲ್ಲಿ ಯಾರು ಕೂರುತ್ತಾರೆಂದು ಒಮ್ಮೆ ನೆನೆಯಿರಿ.

ಆ ಶುಕ್ರವಾರ ಬನ್ನಣ್ಣನ ಕಾರಿನಲ್ಲಿ ಬಂದ ಹೊಸ ಪ್ರಯಾಣಿಕಳ ತೂಕ ಎರಡು ಕಿಲೋ ಎಂಟುನೂರ ಎಪ್ಪತ್ತು ಗ್ರಾಂ.