ಅತ್ತೆಯ ಕೈಗುಣ

ನಮ್ಮ ಅತ್ತೆ ಅಕ್ಕಯಮ್ಮನವರ ಕೈಗುಣ ಎಂಥದ್ದೆಂದು ತೂಬಗೆರೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಭಾರ ಎತ್ತಿ ಹೊಟ್ಟೆನೋವು ಬಂದರೆ ಬಟ್ಟಿ ಜಾರಿದೆ ಎಂದು ಜನ ಓಡಿ ಬರುತ್ತಿದ್ದುದು ನಮ್ಮ ಮನೆಗೇ. ಅಂಗಾತ ಮಲಗಿಸಿ, ಹರಳೆಣ್ಣೆ ಹಚ್ಚಿ, ಹೊಕ್ಕುಳ ಸುತ್ತ ಒತ್ತಿ ಉಜ್ಜಿ ಬಟ್ಟಿಯನ್ನು ಜಾಗಕ್ಕೆ ಕೂರಿಸುತ್ತಿದ್ದರು.

ನನ್ನ ಗಂಡ ಚಲಪತಿ ದೇವನಹಳ್ಳಿಯಲ್ಲಿ ಕ್ಯಾಬ್ ಓಡಿಸುತ್ತಿದ್ದ. ಸೋದರಮಾವನ ಮಗ, ಚಿಕ್ಕಂದಿನಿಂದಲೂ ನಮ್ಮದು ಏಕವಚನವೇ. ನಲವತ್ತರ ಹತ್ತಿರ ಅವನಿಗೆ ಬಿಡದ ಜ್ವರ ಹಿಡಿಯಿತು, ಕಣ್ಣು ಹಳದಿಯಾಯಿತು. ಊರವರು ಕಾಮಾಲೆ ಎಂದರು. ದೊಡ್ಡಬಳ್ಳಾಪುರದ ಡಾಕ್ಟರು ರಕ್ತ ನೋಡಿ, ಇದು ಎಂಜಲಿನಿಂದ ಹರಡುವ ಗ್ಲ್ಯಾಂಡ್ ಜ್ವರ ಎಂದರು. ಹರೆಯದವರಿಗೆ ಗಂಟಲುನೋವಾಗಿ ಬಂದು ಹೋಗುವುದು, ವಯಸ್ಸಾದವರಿಗೆ ಒಮ್ಮೊಮ್ಮೆ ಗಂಟಲು ಬಿಟ್ಟು ಲಿವರ್ ಹಿಡಿಯುತ್ತದಂತೆ. ಎಡಪಕ್ಕೆಯೊಳಗಿನ ಗುಲ್ಮ ಊದಿದೆ, ಒಡೆದರೆ ಜೀವಕ್ಕೇ ಅಪಾಯ, ಭಾರ ಎತ್ತಬೇಡ ಎಂದು ಕಳಿಸಿದರು. ಯಾರ ಎಂಜಲಪ್ಪಾ ಅದು ಎಂದು ದಾರಿಯುದ್ದಕ್ಕೂ ಅವನನ್ನು ರೇಗಿಸಿದೆ. ಸ್ಟ್ಯಾಂಡಿನಲ್ಲಿ ಎಲ್ಲರೂ ಒಂದೇ ಬಾಟಲಿ ಕಚ್ಚಿ ನೀರು ಕುಡಿಯುತ್ತೇವೆ ಎಂದು ನಕ್ಕ.

ನಾನು ಬಿಂದಿಗೆ ಮುಟ್ಟಲು ಬಿಡಲಿಲ್ಲ, ಬೈಕಿನ ಕೀ ಬಚ್ಚಿಟ್ಟೆ. ಅತ್ತೆಯಂತೂ ನಮ್ಮ ಮಗಳು ಸಿಂಚನ ಅವನ ತೊಡೆ ಹತ್ತಿದರೂ ಗದರುತ್ತಿದ್ದರು. ಅಷ್ಟು ಕಾವಲು ಕಾದವರು!

ನಾನು ಹೋಟೆಲ್ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಎಡಪಕ್ಕೆಯ ಕೆಳಗೆ ನೋವು ಎಂದನಂತೆ. ಹೆತ್ತ ಕರುಳು, ಸುಮ್ಮನಿರುತ್ತದೆಯೇ? ಡಾಕ್ಟರು ಭಾರ ಎತ್ತಬೇಡ ಎಂದದ್ದು ಬಟ್ಟಿ ಜಾರೀತು ಎಂದೇ ಅಂತ ಅತ್ತೆ ತಿಳಿದಿದ್ದರು. ಕದ್ದು ಏನೋ ಎತ್ತಿದ್ದಾನೆ ಎಂದು ಬೈದು, ಮಲಗಿಸಿ, ಬಲವಾಗಿ ಒತ್ತಿದರು. ಅವನು ಬೆವತು ಬಿಳುಚಿಕೊಂಡ. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗುಲ್ಮ ಒಡೆದು ಹೊಟ್ಟೆ ತುಂಬ ರಕ್ತ ಎಂದ ಡಾಕ್ಟರು, ಹೊಟ್ಟೆ ಯಾರಾದರೂ ಒತ್ತಿದರಾ ಎಂದು ನನ್ನೊಬ್ಬಳನ್ನೇ ಕರೆದು ಕೇಳಿದರು. ಅವನ ಹೊಟ್ಟೆಯ ಮೇಲೆ ಇನ್ನೂ ಹರಳೆಣ್ಣೆ ಇತ್ತು. ಆ ಎಣ್ಣೆ ಬಾಟಲಿಯನ್ನು ಒರಳುಕಲ್ಲಿಗೆ ಅಪ್ಪಳಿಸುವಷ್ಟು ಸಿಟ್ಟು ಹೊತ್ತು ಮನೆಗೆ ಬಂದೆ. ಅತ್ತೆ ಕಂಬಕ್ಕೊರಗಿ, ಒಂದು ದಿನ ಮುಂಚೆ ಒತ್ತಿದ್ದರೆ ಮಗ ಉಳಿಯುತ್ತಿದ್ದ ಎಂದು ಬಂದವರಿಗೆಲ್ಲ ಹೇಳಿಕೊಂಡು ಅಳುತ್ತಿದ್ದರು. ಅವರಿಗೆ ಇನ್ನೇನು ಹೇಳಲಿ? ಬಾಯಿಗೆ ಬೀಗ ಹಾಕಿಕೊಂಡೆ. ಬಟ್ಟಿ ಎಂದು ಬಂದವರನ್ನೆಲ್ಲ ಸೂತಕದ ಮನೆ ಎಂದು ಬಾಗಿಲಲ್ಲೇ ಅಟ್ಟಿದೆ.

ತಿಂಗಳ ತಿಥಿ ಕಳೆಯುತ್ತಲೇ ಸಿಂಚನಳಿಗೆ ಜ್ವರ ಬಂತು, ಕತ್ತಿನಲ್ಲಿ ಗಂಟೆದ್ದವು. ಅಪ್ಪ ಕುಡಿದುಬಿಟ್ಟ ಲೋಟದಲ್ಲೇ ಹಾಲು ಕುಡಿಯುತ್ತಿದ್ದ ಹುಡುಗಿ. ಆಸ್ಪತ್ರೆಗೆ ಹೊರಡಲು ಸೀರೆ ಬದಲಿಸಿ ಬಂದೆ. ಮಗು ಹೊಟ್ಟೆನೋವೆಂದು ಚಾಪೆಯ ಮೇಲೆ ಮಲಗಿತ್ತು. ಅತ್ತೆಯ ಅಂಗೈಯಲ್ಲಿ ಎಣ್ಣೆ. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ.

"ಆ ಕೈ ಇಡ್ಬೇಡಿ ಅತ್ತೆ."

"ಯಾಕವ್ವಾ? ನನ್ ಕೈಗೇನಾಗಿದೆ?"

"ನಿಮ್ ಮಗ ಸತ್ತಿದ್ದು ಒತ್ತಿದ್ದಕ್ಕೇ. ಡಾಕ್ಟ್ರು ಹೇಳಿದ್ರು. ನಾನೇ ನಿಮ್ಗೆ ಹೇಳ್ಲಿಲ್ಲ."

ಅವರು ಅಳಲಿಲ್ಲ. ಅಂಗೈಯನ್ನೇ ನೋಡುತ್ತ ಕೂತರು. ಸಿಂಚನ ಅವರ ಸೆರಗು ಜಗ್ಗಿ, "ಉಜ್ಜಜ್ಜಿ, ನೋಯ್ತಿದೆ" ಎಂದಳು. ಅತ್ತೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

ಮಗುವನ್ನು ಎತ್ತಿಕೊಂಡು ಆಟೋ ಹತ್ತಿದೆ. ಅತ್ತೆಯೂ ಬಂದು ಪಕ್ಕದಲ್ಲಿ ಕೂತರು. ದಾರಿಯಲ್ಲಿ ಸಿಂಚನ ಅಜ್ಜಿಯ ಕಡೆಗೆ ಕೈ ಚಾಚಿದಳು. ಅವರು ಹಿಡಿದುಕೊಳ್ಳಲಿಲ್ಲ.