ಒಂದೇ ಏಟು

"ಅಲ್ಲಿ ಸುತ್ತಿಗೆ ಹಾಕೋದು ಬೇಡ," ಎಂದರು ಪರಮಶಿವಯ್ಯ. ದನಿ ಎಷ್ಟು ಸಣ್ಣಗಿತ್ತೆಂದರೆ ಪಕ್ಕದಲ್ಲಿ ಪೆಟ್ಟಿಗೆ ಹೊತ್ತು ನಿಂತಿದ್ದ ಜವಾನ ಖಲಂದರ್ ಒಬ್ಬನಿಗೆ ಮಾತ್ರ ಕೇಳಿಸಿತು.

ಬಂಡೆಯ ಮೈಯಲ್ಲಿ ಕಪ್ಪು ಕಲ್ಲನ್ನು ಸೀಳಿಕೊಂಡು ಗುಲಾಬಿ ಕಲ್ಲು ಹಾದುಹೋಗಿದ್ದ ಜಾಗದಲ್ಲಿ ವಿದ್ಯಾರ್ಥಿ ವೃಷಭೇಂದ್ರಪ್ಪ ಸುತ್ತಿಗೆ ಹಿಡಿದು ನಿಂತಿದ್ದ. ಅವನ ತಲೆಯ ಮೇಲೆ, ಬಂಡೆ ಹೊರಕ್ಕೆ ಚಾಚಿದ್ದ ಕಡೆ, ಹೆಜ್ಜೇನಿನ ಹುಟ್ಟುಗಳು ಸಾಲಾಗಿ ತೂಗುತ್ತಿದ್ದವು. ಒಂದೊಂದೂ ಮೊರದಗಲ. ಆಗಾಗ ಒಂದು ಹುಟ್ಟಿನ ಕಪ್ಪು ಮೈ ಮೇಲಿನಿಂದ ಕೆಳಗಿನವರೆಗೆ ಅಲೆಯಂತೆ ನಡುಗಿ ಸುಮ್ಮನಾಗುತ್ತಿತ್ತು. ಪರಮಶಿವಯ್ಯನವರು ಮಾಗಡಿ ಸೀಮೆಯ ಕಲ್ಯ ಎಂಬ ಹಳ್ಳಿಯವರು. ಚಿಕ್ಕವರಿದ್ದಾಗ, ಹೆಜ್ಜೇನು ಎದ್ದು ಬಂದು ಗಾಡಿಯ ಎತ್ತೊಂದು ನೊಗದಲ್ಲೇ ಒದ್ದಾಡಿ ಸತ್ತಿದ್ದನ್ನು ಕಣ್ಣಾರೆ ಕಂಡಿದ್ದರು.

ಅವರು ವಿಶ್ವವಿದ್ಯಾನಿಲಯದ ಬೆಂಗಳೂರು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಡೆಮಾನ್ಸ್ಟ್ರೇಟರ್. ಮೇಜಿನ ಮೇಲೆ ಕಲ್ಲು ಜೋಡಿಸುವುದು, ಪ್ರೊಫೆಸರ್ ಪಾಠ ಹೇಳುವಾಗ ಗೋಡೆಗೆ ಒರಗದೆ ನಿಂತಿರುವುದು, ಕೇಳಿದ ಕಲ್ಲನ್ನು ತೆಗೆದುಕೊಡುವುದು, ಇಷ್ಟೇ ಅವರ ಕೆಲಸವಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಪ್ರೊಫೆಸರಿಗೆ ಪಾರ್ಶ್ವವಾಯು ಬಡಿಯಿತು. ಮುಂದಿನ ಏರ್ಪಾಡಾಗುವವರೆಗೆ ಶಾಖೆಯ ಹಂಗಾಮಿ ಮುಖ್ಯಸ್ಥರು ನೀವೇ ಎಂದು ಮೈಸೂರಿನಿಂದ ಹುಕುಂ ಬಂದ ದಿನ ಹೆಂಡತಿ ಗಿರಿಜಾಂಬ ಪಾಯಸ ಮಾಡಿದಳು. ಅವರು ಅದನ್ನು ಬಟ್ಟಲಲ್ಲೇ ಬಿಟ್ಟೆದ್ದರು. ಅಂದಿನಿಂದ ಪ್ರೊಫೆಸರರ ಕುರ್ಚಿಯನ್ನು ಒಮ್ಮೆಯೂ ಮುಟ್ಟದೆ ನಿಂತೇ ಪಾಠ ಮಾಡಿದರು. ಹುಡುಗರು ನಕ್ಕರೆ ತಮ್ಮ ಇಂಗ್ಲಿಷಿಗೆ ನಕ್ಕರೇನೋ, ಕೆಮ್ಮಿದರೆ ಪಾಠ ನಿಲ್ಲಿಸು ಎಂದು ಕೆಮ್ಮಿದರೇನೋ ಅನ್ನಿಸುತ್ತಿತ್ತು.

ಪ್ರತಿವರ್ಷ ದಸರೆಯ ನಂತರ ಪ್ರೊಫೆಸರ್ ಹುಡುಗರನ್ನು ಮೈಸೂರಿನ ರೈಲುದಾರಿಯಲ್ಲಿರುವ ಕ್ಲೋಸ್‌ಪೇಟೆಯ ಬೆಟ್ಟಗಳಿಗೆ ಕರೆತರುತ್ತಿದ್ದರು. ಆ ಕಾಲದಲ್ಲಿ ಇಲ್ಲಿ ಹೆಜ್ಜೇನು ಇರುವುದಿಲ್ಲ. ಈ ಸಲ ದಸರೆಯಿಂದಲೇ ಪ್ರೊಫೆಸರರ ಮೈ ಸರಿಯಿರದೆ ಎಲ್ಲ ತಡವಾಗಿ, ಶಿವರಾತ್ರಿಯೂ ಕಳೆದಿತ್ತು.

"ವೃಷಭೇಂದ್ರಪ್ಪ, ಬೇಡ," ಎಂದರು ಮತ್ತೆ, ಒಸಿ ಗಟ್ಟಿಯಾಗಿ.

ಹುಡುಗ ತಿರುಗಿದ. ಅವನ ತಂದೆ ಚನ್ನಲಿಂಗಪ್ಪನವರು ಸರ್ಕಾರದಲ್ಲಿ ದೊಡ್ಡ ಹುದ್ದೆಯವರು, ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲೂ ಇದ್ದರು. "ಯಾಕೆ ಸಾರ್? ಪ್ರೊಫೆಸರ್ ಯಾವಾಗಲೂ ಇಲ್ಲೇ ತಾನೇ ಕಲ್ಲು ತೆಗೆಸ್ತಿದ್ದದ್ದು?"

"ಮೇಲೆ ಹುಟ್ಟು ಕಟ್ಟಿವೆಯಪ್ಪ."

"ಅಷ್ಟು ಮೇಲಿವೆಯಲ್ಲ ಸಾರ್! ಪ್ರೊಫೆಸರ್ ಇದ್ದಿದ್ದರೆ ನೊಣಕ್ಕೆ ಹೆದರಿ ವಾಪಸು ಹೋಗ್ತಿದ್ದರೆ?"

ಹಿಂದೆ ಯಾರೋ ಕಿಸಕ್ಕೆಂದರು. ಪರಮಶಿವಯ್ಯನವರ ಕಿವಿ ಬಿಸಿಯಾಯಿತು. ಹಳ್ಳಿಯವನ ಹೆದರಿಕೆ ಎಂದು ಇವರು ಕಾಲೇಜಿನಲ್ಲೆಲ್ಲ ಆಡಿಕೊಳ್ಳುತ್ತಾರೆ. ಈ ಹುಡುಗ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳುತ್ತಾನೆ. ಬರಿಗೈಲಿ ಹಿಂದಿರುಗಿದ ಹಂಗಾಮಿ ಎಂಬ ಮಾತು ಸೆನೆಟ್ಟಿಗೂ ಮುಟ್ಟುತ್ತದೆ. ಹುಟ್ಟುಗಳ ಕಡೆ ಒಮ್ಮೆ, ನಗುತ್ತಿದ್ದ ಹುಡುಗರ ಕಡೆ ಒಮ್ಮೆ ನೋಡಿದರು.

"ಆಗಲಿ, ಒಂದೇ ಏಟು," ಎಂದುಬಿಟ್ಟರು. "ಮೆಲ್ಲಗೆ."

ಖಲಂದರ್ ಅವರ ಮುಖ ನೋಡಿದ. ಪೆಟ್ಟಿಗೆ ಕೆಳಗಿಟ್ಟ.

ಒಂದು ಏಟಿಗೆ ಕಲ್ಲು ಬಿಡಲಿಲ್ಲ. ವೃಷಭೇಂದ್ರಪ್ಪ ಇನ್ನೆರಡು ಬಾರಿಸಿದ. ಬಂಡೆಯೊಳಗೆ ಸದ್ದು ಗುಡುಗಿನಂತೆ ಓಡಿತು. ಮೇಲೆ ಒಂದು ಹುಟ್ಟು ಕಳಚಿ ಬಿದ್ದಂತೆ ಕಂಡಿತು. ಬಿದ್ದದ್ದು ಹುಟ್ಟಲ್ಲ, ಅದರ ಮೇಲಿದ್ದ ಹುಳು. ಆಕಾಶವೇ ಗುಂಯ್ಯೆಂದಿತು.

"ಓಡಿ!"

ಹುಡುಗರು ಬಿದ್ದೆದ್ದು ಇಳಿಜಾರಿನಲ್ಲಿ ಉರುಳಿದರು. ಕೆಳಗೆ ಕುರಿ ಮೇಯಿಸುತ್ತಿದ್ದ ಹೆಂಗಸು ದಾಸಮ್ಮ ಕಂಬಳಿ ಹೊದ್ದು ಕೂಗಿಕೊಳ್ಳುತ್ತಿದ್ದಳು: "ಪೊದೆ ವಳೀಕೆ ನುಗ್ಗ್ರಪ್ಪೋ! ಕೈ ಬೀಸ್ಬ್ಯಾಡಿ!" ಪರಮಶಿವಯ್ಯನವರೂ ಓಡಿದರು. ಯಾರು ಮುಂದಿದ್ದಾರೆ, ಯಾರು ಹಿಂದಿದ್ದಾರೆ ಎಂದು ನೋಡಲಿಲ್ಲ. ಕತ್ತಿಗೆ, ಕಿವಿಯ ಹಿಂದಕ್ಕೆ ಬೆಂಕಿಯ ಸೂಜಿಗಳು ಚುಚ್ಚುತ್ತಿದ್ದವು. ಲಂಟಾನದ ಮೆಳೆಯೊಳಗೆ ಮುಖ ಕೆಳಗಾಗಿ ಬಿದ್ದ ಮೇಲೆಯೇ ಅವರಿಗೆ ಉಸಿರು ಬಂದದ್ದು.

"ಸಾರ್, ವೃಷಭೇಂದ್ರ ಬಂದಿಲ್ಲ," ಎಂದ ಒಬ್ಬ ಹುಡುಗ ಅಳುತ್ತ.

ಎಲೆಗಳ ಸಂದಿನಿಂದ ಬಂಡೆ ಕಾಣುತ್ತಿತ್ತು. ಅದರ ಬುಡದಲ್ಲಿ ಹುಡುಗ ಕಾಲು ಮಡಚಿ ಬಿದ್ದು ಎರಡು ಕೈಯಲ್ಲೂ ಗಾಳಿಗೆ ಹೊಡೆಯುತ್ತಿದ್ದ. ಪರಮಶಿವಯ್ಯ ಏಳಲು ನೋಡಿದರು. ಒಂದು ಹುಳು ಎದುರಿಗೆ ಹಾದದ್ದೇ ಮತ್ತೆ ಕವುಚಿಕೊಂಡರು. ಯಾರಾದರೂ ಹೋಗುತ್ತಾರೆಂದು ಸುತ್ತ ನೋಡಿದರು. ಮೆಳೆಯೊಳಗಿನ ಕಣ್ಣುಗಳೆಲ್ಲ ಅವರನ್ನೇ ನೋಡುತ್ತಿದ್ದವು.

ತೆವಳಿಕೊಂಡು ದಾಸಮ್ಮನ ಹತ್ತಿರ ಹೋದರು. "ಕಂಬ್ಳಿ ಕೊಡವ್ವ. ಹುಡ್ಗ ಒಬ್ಬ ಅಲ್ಲೇ ಅವ್ನೆ."

"ಎಲ್ಲಿಗ್ ವೊಂಟ್ರಿ ಸ್ವಾಮಿ? ಇನ್ನೂ ರೇಗ್ಕೊಂಡವೆ, ತಿಂದಾಕ್ಬುಡ್ತವೆ!"

"ಕೊಡವ್ವ, ಬೇಗ."

ಅವಳು ಕಂಬಳಿ ಬಿಚ್ಚಿ ಎಸೆದು ತಾನು ಮೆಳೆಯೊಳಗೆ ತೂರಿದಳು.

ಮೇಲೆ ಹತ್ತಿದ್ದು ಅವರಿಗೆ ನೆನಪಿಲ್ಲ. ಶಿವಶಿವಾ ಎನ್ನುತ್ತಿದ್ದ ದನಿ ತಮ್ಮದೇ ಎಂದು ಮಾತ್ರ ಗೊತ್ತಾಗುತ್ತಿತ್ತು. ಹುಡುಗನ ಮೇಲೆ ಕಂಬಳಿಸಮೇತ ಬಿದ್ದು, ಅಂಚುಗಳನ್ನು ಮೊಣಕೈ ಮೊಣಕಾಲುಗಳ ಅಡಿ ಒತ್ತಿಹಿಡಿದರು. ಒಳಗೆ ಕತ್ತಲು, ಕುರಿಯ ವಾಸನೆ, ಸಿಕ್ಕಿಬಿದ್ದ ನಾಲ್ಕಾರು ಹುಳುಗಳ ಗುಂಯ್‌ಗುಡುವಿಕೆ. ಹೊರಗೆ ಕಂಬಳಿಯ ಮೇಲೆ ಆಲಿಕಲ್ಲು ಸುರಿದಂತೆ ಬೀಳುತ್ತಿದ್ದವು. ಹುಡುಗ ಕೊಸರಾಡಿದ.

"ಅಲ್ಲಾಡ್ಬ್ಯಾಡ ಕಣ್ಲಾ! ಬಾಯ್ ಮುಚ್ಚು. ವಳೀಕೆ ನುಗ್ತವೆ."

ಕಾಲೇಜಿಗೆ ಸೇರಿದ ಮೇಲೆ ಅವರು ಯಾರ ಮುಂದೆಯೂ ಹಾಗೆ ಮಾತಾಡಿದವರಲ್ಲ. ಹುಡುಗ ಕಲ್ಲಾದ. ಎಷ್ಟೋ ಹೊತ್ತಿನ ಮೇಲೆ ಊದಿದ ತುಟಿಗಳಿಂದ, "ಸಾಯ್ತೀನಾ ಸಾರ್?" ಎಂದ.

"ಗೊತ್ತಿಲ್ಲ ಕಣಪ್ಪ. ಸುಮ್ಕಿರು."

ಪಂಚೆ ಒದ್ದೆಯಾದದ್ದು ತಿಳಿಯಿತು. ತಮ್ಮಿಂದಲೋ ಹುಡುಗನಿಂದಲೋ ತಿಳಿಯಲಿಲ್ಲ. ಹುಡುಗನ ಎದೆಬಡಿತ ತಮ್ಮ ಪಕ್ಕೆಗೆ ತಾಕುತ್ತಿತ್ತು. ಅದು ನಿಂತೀತೆಂದು ಹೆದರಿ ಅದನ್ನೇ ಕೇಳುತ್ತ ಬಿದ್ದುಕೊಂಡರು.

ಬಿಸಿಲು ಬಾಡಿದ ಮೇಲೆ ಹುಳುಗಳು ಹುಟ್ಟಿಗೆ ಮರಳಿದವು. ಖಲಂದರನೂ ಹುಡುಗರೂ ಬಂದು ಇಬ್ಬರನ್ನೂ ಎತ್ತಿ ಗಾಡಿಯಲ್ಲಿ ಕ್ಲೋಸ್‌ಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಉಳಿದವರಿಗೆ ಹೆಚ್ಚೇನೂ ಆಗಿರಲಿಲ್ಲ. ವೃಷಭೇಂದ್ರಪ್ಪನ ಮುಖದಲ್ಲಿ ಮೂಗು ಯಾವುದು, ಕೆನ್ನೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಡಾಕ್ಟರು ಚಿಮುಟದಿಂದ ಮುಳ್ಳು ಕೀಳುತ್ತ, "ಬೆಳಗಿನ ತನಕ ಏನೂ ಹೇಳಲಾರೆ," ಎಂದರು. ಮನೆಗೆ ತಂತಿ ಹೋಯಿತು.

ಬೆಳಗ್ಗೆ ಹುಡುಗ ನೀರು ಕೇಳಿದ. "ಗೆದ್ದ," ಎಂದರು ಡಾಕ್ಟರು. ಪರಮಶಿವಯ್ಯ ಗೋಡೆ ಹಿಡಿದು ಕೂತರು. ಆ ಸಮಾಧಾನ ಒಂದು ಗಳಿಗೆ ಇತ್ತು, ಅಷ್ಟೆ. ಹುಡುಗನ ತಂದೆ ಚನ್ನಲಿಂಗಪ್ಪನವರು ಬರಲಿದ್ದ ಬೆಂಗಳೂರಿನ ರೈಲಿಗೆ ಹೊತ್ತಾಗುತ್ತಿತ್ತು.

"ಬ್ಯಾಡ ಅಂದ್ರೂ ಹುಡುಗ್ರು ಕೇಳ್ಲಿಲ್ಲ ಅನ್ನಿ ಸಾಹೇಬ್ರೇ," ಎಂದ ಖಲಂದರ್, ಅವರನ್ನು ಸ್ಟೇಷನ್ನಿಗೆ ನಡೆಸಿಕೊಂಡು ಹೋಗುತ್ತ. "ನೀವು ಬ್ಯಾಡ ಅಂದಿದ್ದು ಸುಳ್ಳಲ್ಲ. ಎರಡು ಸಲ ಅಂದ್ರಿ. ನಾನೇ ಸಾಕ್ಷಿ."

ಅದು ನಿಜವೇ ಆಗಿತ್ತು. ದಾರಿಯುದ್ದಕ್ಕೂ ಪರಮಶಿವಯ್ಯ ಆ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದರು. ಎಷ್ಟು ಸಲೀಸಾಗಿ ಬರುತ್ತಿತ್ತು! ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಇನ್ನೊಂದರಲ್ಲಿ ಗೆರೆಯಷ್ಟು ಬೆಳಕು.

ರೈಲು ನಿಂತಿತು. ಜರಿಪೇಟದ ಎತ್ತರದ ಆಳೊಬ್ಬರು ಇಳಿದು ಅತ್ತಿತ್ತ ನೋಡಿದರು. "ಕಾಲೇಜಿನವರು ಯಾರು ಇಲ್ಲಿ? ಈ ಹುಡುಗರಿಗೆ ಮೇಲಿನವರು ಯಾರು?"

ಖಲಂದರ್ ಬಾಯಿ ತೆರೆಯುವ ಮೊದಲೇ ಪರಮಶಿವಯ್ಯ ಅವನ ತೋಳು ಬಿಟ್ಟು ಮುಂದೆ ಬಂದರು.

"ನಾನು, ಸ್ವಾಮಿ. ನಿಮ್ಮ ಮಗ ಬದುಕಿದ್ದಾನೆ. ಹೊಡಿ ಅಂತ ಅಪ್ಪಣೆ ಕೊಟ್ಟವನೂ ನಾನೇ."

ಚನ್ನಲಿಂಗಪ್ಪನವರು ಅವರ ಊದಿದ ಮುಖವನ್ನೇ ನೋಡುತ್ತ ನಿಂತರು. ರೈಲು ಮೈಸೂರಿನ ಕಡೆ ಹೊರಟಿತು. ಪರಮಶಿವಯ್ಯ ಕೈಮುಗಿಯಲು ಹೋದರು. ಬಾತ ಬೆರಳುಗಳು ಬಾಗದೆ, ಅಂಗೈಗಳೆರಡೂ ಕೂಡದೆ, ಎದೆಯ ಮುಂದೆ ಹಾಗೆಯೇ ಅಗಲವಾಗಿ ನಿಂತುಬಿಟ್ಟವು.